ಅವನ ತಪ್ಪು, ನನ್ನ ನಿಯಮ

ಹತ್ತು ವರ್ಷದ ಹಿಂದೆ ದೊಡ್ಡ ಬ್ರೌಸರ್ ಕಂಪನಿಯ ಮುಖ್ಯ ಎಂಜಿನಿಯರ್ ವೆಬ್ ಪುಟಗಳಿಗೆ ನಿಯಮ ರೂಪಿಸುವ ಇದೇ ಸಮಿತಿಯಲ್ಲಿ ನನ್ನನ್ನು ಗೇಲಿ ಮಾಡಿದ್ದ. ಅವನ ಬ್ರೌಸರ್ ಚಿತ್ರಗಳ ಅಗಲವನ್ನು ತಪ್ಪಾಗಿ ಅಳೆಯುತ್ತಿತ್ತು. ಆ ತಪ್ಪಿಗೇ ಹೊಂದಿಸಿ ಬರೆದ ಪುಟಗಳು ನಮ್ಮ ಪುಟ್ಟ ಬ್ರೌಸರ್‌ನಲ್ಲಿ ಚೆಲ್ಲಾಪಿಲ್ಲಿಯಾಗುತ್ತಿದ್ದವು.

"ಜನ ನಮ್ಮನ್ನ ನೋಡ್ಕೊಂಡು ಬರೀತಾರೆ ಕಣ್ರೀ. ನಿಮ್ಮದನ್ನ ನೀವೇ ತಿದ್ಕೊಳ್ಳಿ," ಎಂದಿದ್ದ.

ಹಲ್ಲು ಕಚ್ಚಿಕೊಂಡು ಅವನ ತಪ್ಪನ್ನು ನಮ್ಮದಕ್ಕೂ ಸೇರಿಸಿದೆ.

ಎರಡು ಬ್ರೌಸರ್‌ಗಳು ಒಂದೇ ಥರ ನಡೆದುಕೊಂಡರೆ ಅದೇ ನಿಯಮ, ಇಬ್ಬರೂ ಬಿಟ್ಟರಷ್ಟೇ ಅದು ರದ್ದು ಎಂಬುದು ಸಮಿತಿಯ ಪದ್ಧತಿ. ಇಂದು ಆ ತಪ್ಪನ್ನು ಕಿತ್ತುಹಾಕಬೇಕೆಂದು ಅವನೇ ಬಂದಿದ್ದಾನೆ. ಆ ತಪ್ಪು ಲೆಕ್ಕದಿಂದಲೇ ಅವನ ಬ್ರೌಸರ್ ಈಗ ಆಮೆಯಷ್ಟು ನಿಧಾನವಾಗಿದೆ.

"ನೀವೂ ತೆಗೆದುಬಿಡಿ ಸರ್, ಎಲ್ಲಾ ನಿಮ್ಮ ಕೈಲಿದೆ," ಎಂದ. ಸರ್ ಅಂದದ್ದು ಇದೇ ಮೊದಲು.

"ಅದೀಗ ತಪ್ಪಲ್ಲ ಸ್ವಾಮಿ, ನಿಯಮ," ಎಂದೆ. "ಜನ ನಿಮ್ಮನ್ನ ನೋಡ್ಕೊಂಡು ಬರೀತಾರಲ್ಲ? ಅನುಭವಿಸಿ."