ಬರ್ಫಿನ ಹೊಂಡಕ್ಕಿಳಿದ ದೀಪ

ಅಮೋಘಿಯ ಬಲ್ಬು ಹೊತ್ತಿದ ದಿನದಿಂದ ಕರೆಪ್ಪನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು.

ಇಬ್ಬರೂ ವಿಜಾಪುರದ ಕಾಲೇಜೊಂದರಲ್ಲಿ ಪ್ರಯೋಗಶಾಲೆಯ ಸಹಾಯಕರು. ಅಮೋಘಿ ಬಬಲೇಶ್ವರದ ಕುರಿಗಾರನ ಮಗ, ಕರೆಪ್ಪ ತಿಕೋಟಾದ ಹೊಲಗೇರಿಯವನು. ಓದುವಾಗ ಒಂದೇ ಬೆಂಚು, ಒಂದೇ ರೊಟ್ಟಿಯ ಗಂಟು. ಚೀನಾ ಯುದ್ಧ ಮುಗಿದ ಮರುವರ್ಷ ಮುಂಬೈಯ ಪ್ರಯೋಗಾಲಯವೊಂದು ಸಂಶೋಧನೆಗೆ 'ಹಿಂದುಳಿದವರಿಗೆ' ಎಂದು ಒಂದು ಜಾಗ ಇಟ್ಟಿತು. ಒಂದೇ ತುಂಡು ಎಸೆದು ಇಬ್ಬರನ್ನು ಬಿಟ್ಟು ನೋಡುವುದು ದೊಡ್ಡವರ ಹಳೆಯ ಆಟ. ಕರೆಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವನು ಹಲ್ಲು ಕಡಿಯುತ್ತಿದ್ದುದು ಅಮೋಘಿಯ ಮೇಲೆ.

ಅಮೋಘಿ ಮಾಡಿದ್ದು ಇಂಧನಕೋಶ. ಪ್ಲಾಟಿನಂನ ಕಪ್ಪು ಪುಡಿ ಲೇಪಿಸಿದ ಎರಡು ಜಾಲರಿ, ನಡುವೆ ಆಮ್ಲದಲ್ಲಿ ನೆನೆದ ಪದರ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಬಿಟ್ಟರೆ ಬೆಂಕಿಯಿಲ್ಲದೆ ಕರೆಂಟು. ಕೊನೆಗೆ ಉಳಿಯುವುದು ಬರೀ ನೀರು. ಅಂಥ ಮೂರನ್ನು ಡಬ್ಬಿಯೊಂದರಲ್ಲಿ ಜೋಡಿಸಿ ಟಾರ್ಚಿನ ಬಲ್ಬು ಉರಿಸಿದ. ಪ್ರಿನ್ಸಿಪಾಲರು ಅವನಿಗೆ ತಮ್ಮ ಕಪ್ಪಿನಲ್ಲೇ ಚಹಾ ಕೊಟ್ಟರು. ಕರೆಪ್ಪನಿಗೆ ಎಂದಿನಂತೆ ಕಿಟಕಿಯ ಮೇಲಿನ ಲೋಟ.

"ಲೇ ಅಮೋಘಿ, ಈ ಬಿಸಲಾಗ ಉರದ್ರ ಏನ್ ದೊಡ್ಡ ಮಾತೋ?" ಎಂದ ಕರೆಪ್ಪ. "ಲಡಾಖದಾಗ ಸಿಪಾಯಿಗೋಳ ರೇಡಿಯೋ ಥಂಡಿಗೆ ಬಂದ್ ಬಿದ್ದುವಂತ. ನಿಂದು ಅಲ್ಲಿ ಉರಿತೈತೇನು? ಬರ್ಫಿನ ಕಾರಖಾನಿಗೆ ಒಯ್ದು ನೋಡು."

ನೀರು ಹೆಪ್ಪುಗಟ್ಟಿ ಬರ್ಫಾದರೆ ಉಬ್ಬುತ್ತದೆ, ಹಸಿಯಾಗಿರುವ ಕೋಶ ಒಳಗೇ ಒಡೆಯುತ್ತದೆ ಎಂದು ಅವನ ಎಣಿಕೆ. ಅಮೋಘಿ ಓಡಿಬಂದು ತಬ್ಬಿಕೊಂಡ. "ಭಾರಿ ವಿಚಾರ ಹೇಳಿದೆಪಾ! ನನಗ ಹೊಳೀಲೇ ಇಲ್ಲ ನೋಡು."

ಆ ತಬ್ಬುಗೆ ಕರೆಪ್ಪನ ಮೈಗೆ ಚೇಳಿನಂತೆ ಚುಚ್ಚಿತು.

ಗೋಳಗುಮ್ಮಟದ ಹಿಂದಿನ ಬರ್ಫಿನ ಕಾರಖಾನೆಯ ಸಾಬಣ್ಣ ನಗಾಡಿದ. "ಏನ್ರಿ ಮಾಸ್ತರ, ಕರೆಂಟಿನ ಕುಲ್ಫಿ ಮಾಡ್ತೀರೇನು?" ನಗುತ್ತಲೇ ಡಬ್ಬಿಯನ್ನು ಬರ್ಫು ಕಟ್ಟಿಸುವ, ಕೊರೆಯುವ ಉಪ್ಪುನೀರಿನ ಹೊಂಡಕ್ಕಿಳಿಸಿದ. ಹೊರಗಿಟ್ಟ ಬಲ್ಬು ಮಂಕಾಯಿತು, ಕೆಂಪಾಯಿತು, ಆರಿತು. ಕರೆಪ್ಪನಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಯಿತು.

ಬರ್ಫಿನ ಗಡ್ಡೆ ಬಿಡಿಸಲು ಮಾಡುವಂತೆ ಸಾಬಣ್ಣ ಡಬ್ಬಿಯನ್ನು ಬರಿನೀರಿನಲ್ಲಿ ಅದ್ದಿದ. ಬಲ್ಬು ಮತ್ತೆ ಹೊತ್ತಿತು, ಆದರೆ ಸೋತ ಕಣ್ಣಿನಂತೆ. ಮತ್ತೆ ಇಳಿಸಿದರು, ಎತ್ತಿದರು. ಬೆಳಕು ಇನ್ನೂ ಇಳಿಯಿತು. ಬಿಚ್ಚಿ ನೋಡಿದರೆ ಜಾಲರಿಯ ಕಪ್ಪು ಲೇಪ ಹಳೆ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದಿತ್ತು.

"ಅಯ್ಯ, ಹೋತಲ್ಲೋ ತಮ್ಮಾ," ಎಂದ ಕರೆಪ್ಪ, ನಗು ನುಂಗಿಕೊಂಡು.

"ಹೋಗ್ಲಿ ಬಿಡು. ಯಾಕ ಹೋತು ಅಂತ ಗೊತ್ತಾತಲ್ಲ. ತಾನ ಮಾಡಿದ ನೀರ ತನ್ನ ಕೊಲ್ಲಾಕತ್ತೈತಿ," ಎಂದ ಅಮೋಘಿ.

ಇನ್ನೊಂದು ಕಟ್ಟಿದ. ಈ ಸಲ ಹೊಂಡಕ್ಕೆ ಇಳಿಸುವ ಮೊದಲು ಒಣ ಅನಿಲ ಹಾಯಿಸಿ ಜಾಲರಿಯ ನೀರನ್ನು ಹೊರದಬ್ಬಿದ. ಹೆಪ್ಪುಗಟ್ಟಿಸಿ ಎತ್ತಿದರೆ ಬೆಳಕು ಕುಗ್ಗಿತ್ತು, ಆದರೆ ಸ್ವಲ್ಪವೇ.

ಪರೀಕ್ಷಿಸಲು ಮುಂಬೈಯಿಂದ ಬಂದ ಸಾಹೇಬರು ಮೊದಲಿನ ಕೆಟ್ಟ ಜಾಲರಿಯನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಉರಿಸಿ ತೋರಿಸುವವರು ಬೇಕಾದಷ್ಟು ಜನ. ಕೆಡಿಸಿ ನೋಡುವ ವಿಚಾರ ಯಾರದು?"

"ಇವನದ್ರಿ ಸರ, ನಮ್ಮ ಕರೆಪ್ಪಂದು," ಎಂದ ಅಮೋಘಿ.

"ಭೇಷ್! ಎಂಥಾ ಗೆಳೆಯ ನೋಡಿ. ಆದರೆ ಜಾಗ ಒಂದೇ, ಅಮೋಘಿಗೆ ಹೋಗಲಿ. ನಿಮಗೇನೂ ಬೇಸರವಿಲ್ಲವಷ್ಟೆ?"

ಮುರಿಯಲೆಂದು ಕೊಟ್ಟ ಪೆಟ್ಟು ಗೆಳೆಯನಿಗೆ ಮೆಟ್ಟಿಲಾಗಿತ್ತು.

"ಬ್ಯಾಸರ ಐತ್ರಿ," ಎಂದ ಕರೆಪ್ಪ. "ಒಂದ ಯಾಕ್ರಿ? ಉಳಿದ ಖುರ್ಚಿ ಮ್ಯಾಲ ನಾ ಕುಂತರ ಮೈಲಿಗಿ ಆಗ್ತೈತೇನ್ರಿ?"

ಪ್ರಿನ್ಸಿಪಾಲರು ಕೆಮ್ಮಿದರು. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಮಾತು ಗೆಳೆಯನಿಗೂ ಸೇರಿದ್ದೇ ಅಲ್ಲವೇ ಎಂದು ಕರೆಪ್ಪ ಅಮೋಘಿಯ ಕಡೆ ತಿರುಗಿದ.

ಅಮೋಘಿ ತಲೆ ಎತ್ತಲಿಲ್ಲ. ಮೇಜಿನ ಮೇಲಿನ ಡಬ್ಬಿಯನ್ನು ಎರಡೂ ಕೈಯಿಂದ ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.