ಮುಳ್ಳು ಎಣಿಸುವ ಕೈ

ಹಾವೇರಿಯ ನಮ್ಮ ಮೀನು ಸಾಲಿನಲ್ಲಿ ಒಂದು ಕಾಯಿದೆ ಇದೆ. ಕೈ ಸತ್ತವರು ಈಳಿಗೆಯ ಮುಂದೆ ಕೂರುವ ಹಾಗಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬೆರಳು ಕೊಯ್ದುಕೊಂಡರೂ ಗೊತ್ತಾಗದವಳ ರಕ್ತ ಗಿರಾಕಿಯ ಮೀನಿಗೆ ಹತ್ತುತ್ತದೆ, ಆಮೇಲೆ ಇಡೀ ಸಾಲಿಗೆ ಕೆಟ್ಟ ಹೆಸರು. ಈ ಕಾಯಿದೆ ಹೇಳಿ ನನ್ನ ಅತ್ತೆ ಸಿದ್ದವ್ವನನ್ನು ಜಾಗ ಬಿಡಿಸಿದವಳು ನಾನೇ. ಸಕ್ಕರೆ ಕಾಯಿಲೆಯಿಂದ ಅವಳ ಬೆರಳಿಗೆ ಏನೂ ತಿಳಿಯದ ಹಾಗಾಗಿತ್ತು. 'ಸಾಕ್ರಿ ಅತ್ತಿ, ಇನ್ ಮನ್ಯಾಗ ಆರಾಮ ಕುಂದ್ರಿ' ಅಂದೆ. ಅವಳು ಮನೆಯಲ್ಲಿ ನಾಲ್ಕು ವರ್ಷ ಕೂತಳು, ಆದರೆ ಆರಾಮಾಗಿ ಕೂತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಈಗ ನನ್ನ ಕೈ ಸತ್ತಿದೆ. ನನಗೆ ಐವತ್ತನಾಲ್ಕು. ಈ ಮಾತು ರಾಣೆಬೆನ್ನೂರಿನ ಒಬ್ಬ ಡಾಕ್ಟರಿಗೆ ಮಾತ್ರ ಗೊತ್ತು. ಹಾವೇರಿಯಲ್ಲಿ ತೋರಿಸಿದರೆ ಸಂಜೆಯೊಳಗೆ ಸಾಲಿಗೆಲ್ಲ ಸುದ್ದಿ ಮುಟ್ಟುತ್ತದೆಂದು ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೆ. ಅವರು ಗುಂಡುಪಿನ್ನಿನಿಂದ ನನ್ನ ಬೆರಳನ್ನು ಚುಚ್ಚಿ ಚುಚ್ಚಿ ನೋಯುತ್ತದೆಯೇ ಎಂದು ಕೇಳಿದರು, ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ಮೊದಲು ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಮೀನಿಗೆ ಖಾರ ಹಚ್ಚಿದರೆ ಕೈ ಉರಿಯಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇರುವುದು ಬಣ್ಣಕ್ಕೆ, ಉರಿಯೆಲ್ಲಿಂದ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ವಾರ ಕಾದ ಬೋಗುಣಿಯನ್ನು ಬರಿಗೈಯಲ್ಲಿ ಇಳಿಸಿದೆ. ಅದಕ್ಕೆ ಹೇಳಿಕೊಳ್ಳಲು ಯಾವ ಸಮಾಧಾನವೂ ಸಿಗಲಿಲ್ಲ.

ಬೇರೆ ಕಸುಬಾಗಿದ್ದರೆ ಕಣ್ಣಿನಿಂದಲೇ ನಡೆಸಬಹುದಿತ್ತು. ನನ್ನದು ಮಿಕ್ಸ್ ಪೆಟ್ಟಿಗೆಯ ವ್ಯಾಪಾರ. ಕಾರವಾರದ ಕಡೆಯಿಂದ ಅಲ್ಲಾಬಕ್ಷ ಗಾಡಿಯಲ್ಲಿ ಮೀನು ತರುತ್ತಾನೆ. ಒಂದೇ ಜಾತಿಯ ಪೆಟ್ಟಿಗೆಗೆ ರೇಟು ಜಾಸ್ತಿ. ಹತ್ತು ಜಾತಿ ಕಲೆತ ಪೆಟ್ಟಿಗೆ ಅಗ್ಗ, ಆದರೆ ಸುರುವುವ ಮುಂಚೆ ಒಳಗೆ ಏನಿದೆ, ಹೇಗಿದೆ ಎಂದು ತಿಳಿಯುವ ಕೈ ಬೇಕು. ಮೇಲಿನ ಥರದ ಮೀನು ಇರುವುದೇ ತೋರಿಸಲಿಕ್ಕೆ, ಅದನ್ನು ನೋಡಿ ಕೊಂಡವರು ಕೆಟ್ಟರು. ಐಸಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನಡುವಿನ ಮೀನನ್ನು ಹಿಡಿಯಬೇಕು. ತಲೆಯಿಂದ ಬಾಲದ ಕಡೆಗೆ ಬೆನ್ನು ಸವರಿ ಮುಳ್ಳು ಎಣಿಸಬೇಕು, ಹೊಟ್ಟೆ ಒತ್ತಿ ಗಟ್ಟಿ ನೋಡಬೇಕು. ಹತ್ತು ಸಣ್ಣ ಮುಳ್ಳಿದ್ದರೆ ರಾಣಿಮೀನು. ಹತ್ತೇ ಇದ್ದು ದಪ್ಪಗಿದ್ದರೆ ಕೆಂಬೇರಿ. ಹನ್ನೊಂದಿದ್ದು ಮೈ ತೊಗಲಿನಂತಿದ್ದರೆ ಮುರು. ಬೆನ್ನಿನ ಮೇಲೆ ಎರಡು ರೆಕ್ಕೆ ಬೇರೆ ಬೇರೆ ಇದ್ದರೆ ಕಾಣೆ. ಗುತ್ತಲದ ಹೊಳೆಯಿಂದ ಬರುವ ಜಿಲೇಬಿ ಮೀನಿಗೆ ಹದಿನಾರೋ ಹದಿನೇಳೋ, ಗರಗಸದ ಹಾಗೆ.

ಕಾಲೇಜಿನ ಶಶಿಕಾಂತ ಮಾಸ್ತರು ಒಮ್ಮೆ ಹುಡುಗರನ್ನು ಕರೆತಂದು ನನ್ನ ಕಣ್ಣಿಗೆ ಟವೆಲ್ ಕಟ್ಟಿಸಿದ್ದರು. ಒಂಬತ್ತು ಮೀನಿಗೆ ಒಂಬತ್ತನ್ನೂ ಸರಿಯಾಗಿ ಹೇಳಿದೆ.

"ಇವೆಲ್ಲಾ ಒಂದ ಬಳಗ ಉಡಚವ್ವ," ಅಂದರು ಮಾಸ್ತರು. "ಇಂಥಾವು ಸಾವಿರಾರು ಜಾತಿ ಅದಾವು. ಬೆನ್ನಿನ ರೆಕ್ಕಿ ಮುಂದಿನ ಅರ್ಧ ಮುಳ್ಳು, ಹಿಂದಿನ ಅರ್ಧ ಮೆತ್ತಗ."

"ನಮ್ಮ ಬಳಗನೂ ಹಂಗ ಐತ್ರಿ ಸರ," ಅಂದೆ. "ಬರೇ ಹಿಂದಿನ ಅರ್ಧ ಇನ್ನೂ ಯಾರಿಗೂ ಸಿಕ್ಕಿಲ್ಲ."

ಹುಡುಗರು ನಕ್ಕರು. ಅವತ್ತು ನನಗೆ ಬಹಳ ಹೆಮ್ಮೆಯಾಗಿತ್ತು.

ಈಗ ಐಸಿನೊಳಗೆ ಕೈ ಇಳಿಸಿದರೆ ಐಸೂ ಗೊತ್ತಾಗುವುದಿಲ್ಲ. ಮೀನು ಹಿಡಿದರೆ ಕೌದಿಯ ಮೇಲಿಂದ ಹಿಡಿದ ಹಾಗೆ. ತಿಂಗಳ ಹಿಂದೆ ಹಾಗೇ ಅಂದಾಜಿನ ಮೇಲೆ ಒಂದು ಪೆಟ್ಟಿಗೆ ತೆಗೆದುಕೊಂಡೆ. ಖಾನಾವಳಿಯ ಶಾಬುದ್ದೀನ ಅದರಲ್ಲಿ ಐದು ಕಿಲೋ ಒಯ್ದ, ಕೊಳೆತಿವೆ ಎಂದು ಮಧ್ಯಾಹ್ನ ಅಷ್ಟನ್ನೂ ವಾಪಸು ತಂದ. "ಇಪ್ಪತ್ತ ವರ್ಷದಾಗ ಮೊದಲನೇ ಸಲ ಅಕ್ಕಾ," ಅಂದ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ.

ಅಂದಿನಿಂದ ಪೆಟ್ಟಿಗೆ ಕಂಡರೆ ಹೆದರಿಕೆ. ಹೆದರಿದವಳು ಮಾಡುವ ಕೆಲಸವನ್ನೇ ಮಾಡಿದೆ. ಮುಂದೆ ಬಂದ ಎರಡು ಪೆಟ್ಟಿಗೆಗಳನ್ನು ಮೆತ್ತಗಾಗಿವೆ ಎಂದು ಅಲ್ಲಾಬಕ್ಷನಿಗೆ ತಿರುಗಿಸಿ ಕೊಟ್ಟೆ. ಅವನು ಎರಡು ಸಲವೂ ಸುಮ್ಮನೆ ಒಯ್ದ.

ಮೂರನೆಯದು ಒಂದು ರವಿವಾರ ಬಂತು. ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ನಡೆದುಕೊಳ್ಳುವವರು ಮೀನು ಮುಟ್ಟುವುದಿಲ್ಲ, ಅದಕ್ಕೇ ರವಿವಾರ ಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ಪಕ್ಕ ಸೊಸೆ ನೀಲಾ ಮೀನಿನ ಪೊರೆ ಹೆರೆಯುತ್ತಿದ್ದಳು. ಮಗನ ಮದುವೆಯಾಗಿ ವರ್ಷವಾಗಿದೆ, ಕಡಿಮೆ ಮಾತಿನ ಹುಡುಗಿ. ಎದುರಿನ ಜಾಗ ಹೊಳಿಯವ್ವನದು. ಅವಳು ನಮ್ಮ ಸಾಲಿಗೆಲ್ಲ ಹಿರಿಯಳು, ಅವಳ ಕಣ್ಣು ತಪ್ಪಿಸುವುದು ಕಷ್ಟ.

ನಾನು ಪೆಟ್ಟಿಗೆಯೊಳಗೆ ಕೈ ಇಳಿಸಿದೆ. ಹಿಡಿದೆ, ಸವರಿದೆ, ಒತ್ತಿದೆ. ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಸಿಟ್ಟು ಬಂತು.

"ಮತ್ತ ಕೊಳ್ತದ್ದ ತಂದೀಯಲ್ಲೋ ಅಲ್ಲಾಬಕ್ಷ! ನಂದೇನ್ ತಿಪ್ಪಿ ಅನ್ಕೊಂಡೀ?"

"ಅಕ್ಕಾ, ಇದು ಮೂರನೇ ಸಲ," ಅಂದ ಅವನು. "ಈ ಸಲ ಸುರುವಿ ನೋಡೇಬಿಡೋಣು."

"ಸುರುವು. ಮಂದಿ ನೋಡ್ಲಿ ನಿನ್ನ ದಂಧೆ."

ಅವನು ಪೆಟ್ಟಿಗೆ ಮಗುಚಿದ. ಐಸಿನ ಜೊತೆ ಮೀನು ಹಲಗೆಯ ತುಂಬ ಹರಡಿದವು. ಕೆಂಪು, ಬೂದು, ಹಳದಿ ಗೆರೆಯವು, ಚುಕ್ಕೆಯವು. ಹೊಳಿಯವ್ವ ಎದ್ದು ಬಂದು ಒಂದೊಂದನ್ನೇ ಒತ್ತಿದಳು, ಕಿವಿರು ಎತ್ತಿ ನೋಡಿದಳು.

"ಕಲ್ಲಿನಂಗ ಅದಾವಲ್ಲವಾ ಉಡಚಿ. ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ."

ಗಿರಾಕಿಗಳು ನಕ್ಕರು. ನನಗೆ ಮೈಯೆಲ್ಲ ಬೆಂಕಿಯಾಯಿತು, ಕೈಯೊಂದನ್ನು ಬಿಟ್ಟು. ಆ ಕೈಯನ್ನೇ ಎತ್ತಿ ಆಡಿಸುತ್ತ ಬಾಯಿಗೆ ಬಂದಂತೆ ಬೈದೆ. ಛಲೋ ಮೀನನ್ನು ಈಗ ಬದಲಿ ಇಟ್ಟಿದ್ದಾನೆ ಅಂದೆ, ಕಳ್ಳ ಅಂದೆ. ಹನ್ನೆರಡು ವರ್ಷದಿಂದ ಒಂದು ದಿನವೂ ಮೋಸ ಮಾಡದವನಿಗೆ ಹಾಗಂದೆ. ಬೈಯುತ್ತಿದ್ದ ಹಾಗೇ ಯಾರೂ ನನ್ನ ಬಾಯಿಯ ಕಡೆ ನೋಡುತ್ತಿಲ್ಲವೆಂದು ಗೊತ್ತಾಯಿತು. ಎಲ್ಲರೂ ಕೈ ನೋಡುತ್ತಿದ್ದರು.

"ಅಕ್ಕಾ," ಅಂದ ಅಲ್ಲಾಬಕ್ಷ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕೈ ನೋಡ್ಕೋ."

ಅಂಗೈ ನಡುವೆ ಮುರಿದ ಮುಳ್ಳೊಂದು ನೆಟ್ಟಗೆ ನಿಂತಿತ್ತು. ಕೆಂಬೇರಿಯದೋ ಮುರುವಿನದೋ ತಿಳಿಯಲಿಲ್ಲ. ರಕ್ತ ಬಳೆ ದಾಟಿ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಗೊತ್ತೈತಿ ತಗೋ," ಅಂದೆ. "ಆಗ್ಲೇ ಚುಚ್ಚೇತಿ. ಸಿಟ್ನ್ಯಾಗ ಯಾರ್ ನೋಡ್ತಾರ ಅದನ್ನ?"

ಮಾತು ಸರಾಗವಾಗಿಯೇ ಬಂತು. ಜನ ನಂಬಿದರು. ಒಬ್ಬಿಬ್ಬರು ಮುಂದೆಯೂ ಹೋದರು. ಹೊಳಿಯವ್ವ ಮಾತ್ರ ಕದಲಲಿಲ್ಲ. ನನ್ನ ಅತ್ತೆಯನ್ನು ಜಾಗ ಬಿಡಿಸಿದ ಹೊತ್ತಿನಲ್ಲೂ ಅವಳು ಹೀಗೇ ನಿಂತಿದ್ದಳು.

"ಹಂಗಾರ ತಗಸ್ಕೋ," ಅಂದಳು. "ಆಳಕ್ಕ ಹೋಗೇತಿ, ಜೀವಾ ಹೋದಂಗಾಕ್ಕೈತಿ. ತಡ್ಕೋ."

ಅಲ್ಲಾಬಕ್ಷ ಗಾಡಿಯಿಂದ ಇಕ್ಕಳ, ಒಂದು ತಂಬಿಗೆ ನೀರು ತಂದ. ನಾನು ಕಳ್ಳ ಅಂದದ್ದು ಅವನಿಗೆ ಮರೆತಂತಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿ ಎದುರು ಕುಕ್ಕರಗಾಲಲ್ಲಿ ಕೂತ. ನೀಲಾ ನನ್ನ ಮುಂಗೈ ಹಿಡಿದುಕೊಂಡಳು, ಅಂದರೆ ಅವಳು ಹಿಡಿದದ್ದು ಕಂಡಿತು.

ಮಾಡಬೇಕಾದ್ದು ಸುಲಭವಿತ್ತು. ಅವನು ಎಳೆದ ಕ್ಷಣಕ್ಕೆ ಒಮ್ಮೆ ಚೀರಬೇಕು, ಅಷ್ಟೇ. ಚೀರಿದರೆ ಜಾಗ ಉಳಿಯುತ್ತದೆ. ಕಣ್ಣಿಟ್ಟು ನೋಡುತ್ತಿದ್ದರಾಯಿತು ಎಂದುಕೊಂಡೆ. ಆದರೆ ಅಲ್ಲಾಬಕ್ಷನಿಗೆ ದೃಷ್ಟಿ ಮಂದ. ಅವನು ನನ್ನ ಅಂಗೈಗೆ ಮುಖ ಹಚ್ಚುವಷ್ಟು ಬಗ್ಗಿದ, ಅವನ ಟೋಪಿ ಬಿಟ್ಟು ನನಗೇನೂ ಕಾಣಲಿಲ್ಲ.

ಟೋಪಿಯನ್ನೇ ನೋಡುತ್ತ ಕೂತೆ. ಬಾಯಿ ಅರ್ಧ ತೆರೆದು ತಯಾರಾಗಿದ್ದೆ. ಸಾಲಿನ ಗದ್ದಲವೆಲ್ಲ ದೂರ ಹೋದಂತಾಯಿತು. ಹೆದರಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಒಂದು ಬಸ್ಸಿಗೆ ಕಾಯುವ ಹಾಗೆ ಕಾಯುತ್ತಿದ್ದೆ. ಆಮೇಲೆ ಅವನ ಭುಜ ಒಮ್ಮೆ ಜೋರಾಗಿ ಅಲುಗಿತು.

"ಅಯ್ಯಯ್ಯೋ! ಸತ್ನೆಪ್ಪೋ!" ಎಂದು ಚೀರಿದೆ. ಛಲೋ ಚೀರಿದೆ. ಆಚೆ ಸಾಲಿನವರೂ ತಿರುಗಿ ನೋಡಿದರು.

ಅಲ್ಲಾಬಕ್ಷ ತಲೆ ಎತ್ತಿದ. ಅವನ ಕೈಯಲ್ಲಿ ಇಕ್ಕಳ ಇರಲಿಲ್ಲ, ಗಾಯ ತೊಳೆಯುವ ನೀರಿನ ತಂಬಿಗೆ ಇತ್ತು. ಹೊಳಿಯವ್ವ ನನ್ನ ಈಳಿಗೆಯನ್ನು ತೆಗೆದು ನೀಲಾಳ ಮುಂದೆ ಸರಿಸಿದಳು.

ನೀಲಾ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅತ್ತಿ," ಅಂದಳು, ಬೇರೆ ಯಾರಿಗೂ ಕೇಳದ ಹಾಗೆ, "ಮುಳ್ಳು ಆಗ್ಲೇ ಬಂದೈತ್ರಿ."