ಎಂಟು ಕಿಲೋ ಮಣ್ಣು

ಶವದ ಪೆಟ್ಟಿಗೆ ಇನ್ನೂ ಅರ್ಧವಷ್ಟೇ ಇಳಿದಿತ್ತು, ಅಷ್ಟರಲ್ಲಿ ಸ್ಮಶಾನದ ಬೇಲಿಯಾಚೆ ಯಾರೋ ಎಲೆ ಊದುವ ಯಂತ್ರ ಶುರು ಮಾಡಿದರು. ಸತ್ತವನ ಮಗಳು ತಟ್ಟನೆ ಹೆಗಲ ಮೇಲಿದ್ದ ಎಂಟು ತಿಂಗಳ ಕೂಸಿನ ಕಿವಿಗೆ ಅಂಗೈ ಮುಚ್ಚಿದಳು. ಎಲ್ಲರೂ ಆ ಕಡೆ ತಿರುಗಿದರು. ಅವಳ ಅಪ್ಪನ ಜೊತೆ ಇಪ್ಪತ್ತಾರು ವರ್ಷ ಪಾರ್ಕಿನಲ್ಲಿ ದುಡಿದ ಉದ್ದಣ್ಣ ಮತ್ತು ಎಲ್ಲರೂ ಮೀಸೆ ಎಂದೇ ಕರೆಯುವ ಗೆಳೆಯ ಮಾತ್ರ ತಿರುಗಲಿಲ್ಲ. ಮಿಷನ್ನುಗಳ ಸದ್ದಿಗೆ ಇಬ್ಬರ ಕಿವಿಯೂ ಮಂದವಾಗಿತ್ತು; ಕೇಳಿಸಿದ್ದರೆ ತಾನೆ ತಿರುಗುವುದು.

ಅಳಿಯ ಓಡಿಹೋಗಿ ಕೈಸನ್ನೆ ಮಾಡಿ ಅದನ್ನು ನಿಲ್ಲಿಸಿದ. ಹಗ್ಗ ಜಾರುವ ಸದ್ದು ಬಿಟ್ಟರೆ ಎಲ್ಲ ನಿಶ್ಶಬ್ದ. ಆಗ ಮೀಸೆ, ಉದ್ದಣ್ಣನ ಕಿವಿಗೆ ಬಾಯಿಟ್ಟು ಗುಟ್ಟಾಗಿ ಕೇಳಿದ.

"ಆ ಚೀಲಗಳನ್ನ ಏನು ಮಾಡೋದೋ?"

"ಯಾವ ಚೀಲ?"

"ಅದೇ, ಮೊಮ್ಮಗಳ ಚೀಲ. ಶೆಡ್ಡಲ್ಲಿ ಇವೆಯಲ್ಲ. ಮನೇಲಿ ಗೊತ್ತಾಗಬಾರದು ಅಂದಿದ್ದ."

ಅವರ ಗುಟ್ಟು ಗೇಟಿನ ಹತ್ತಿರ ನಿಂತಿದ್ದ ಶವದ ವ್ಯಾನಿನ ಡ್ರೈವರನಿಗೂ ಕೇಳಿಸಿತು.

*

ಆಸ್ಪತ್ರೆಯಿಂದ ಕೂಸನ್ನು ತಂದ ದಿನ ಮಗಳು ಅದನ್ನು ಅಪ್ಪನ ಮುಂದೆ ಹಿಡಿದಿದ್ದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡಮ್ಮ, ಕೈ ಕೊಳೆ." ಆಗಷ್ಟೇ ಸ್ನಾನ ಮಾಡಿ ಬಂದಿದ್ದ.

ಆಮೇಲೂ ಅಷ್ಟೇ. ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ತೂಕ ಮಾತ್ರ ತಪ್ಪದೆ ಕೇಳುತ್ತಿದ್ದ.

"ನಾನೇನು ತರಕಾರಿ ಮಾರ್ತಿದೀನಾ ಅಪ್ಪ?" ಎಂದು ರೇಗಿದರೆ ಕಿವಿಗೆ ಕೈ ಅಡ್ಡ ಇಟ್ಟು, "ಎಷ್ಟು ಕಿಲೋ ಅಂದೆ?" ಎನ್ನುತ್ತಿದ್ದ.

ತನ್ನ ಮಗು ಅಪ್ಪನಿಗೆ ಬೇಡವಾಗಿದೆ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಎರಡು ತಿಂಗಳಿಂದ ತವರಿಗೆ ಬರುವುದನ್ನೇ ಬಿಟ್ಟಿದ್ದಳು. ತೂಕವನ್ನು ಅಪ್ಪನ ಪರವಾಗಿ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು. ಶುಕ್ರವಾರ ಅಪ್ಪ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

*

ಮಣ್ಣು ಮುಚ್ಚಿದ ಮೇಲೆ ಅವಳು ಕೂಸನ್ನು ಅಮ್ಮನಿಗೆ ಕೊಟ್ಟು ನೆಟ್ಟಗೆ ಉದ್ದಣ್ಣ, ಮೀಸೆಯ ಬಳಿ ಹೋದಳು.

"ಯಾವ ಚೀಲ, ಮಾಮ?"

ಮೀಸೆಯ ಮುಖ ಸಪ್ಪಗಾಯಿತು. "ನಿಂಗೆ ಕೇಳಿಸ್ತಾ?"

"ಊರಿಗೇ ಕೇಳಿಸ್ತು."

ಪಾರ್ಕು ಎರಡು ರಸ್ತೆ ಆಚೆ. ದಾರಿಯುದ್ದಕ್ಕೂ ಉದ್ದಣ್ಣ ನೆಲ ನೋಡಿಕೊಂಡೇ ಮಾತಾಡಿದ.

"ಗಿಡದ ಬೇಲಿ ಕತ್ತರಿಸೋ ಮಿಷನ್ನು ನಿಮ್ಮಪ್ಪ ದಿನಕ್ಕೆ ಆರು ಗಂಟೆ ಹಿಡೀತಿದ್ದ. ಬಿಗಿಯಾಗಿ ಹಿಡಿದ್ರೆ ನಡುಕ ಕಮ್ಮಿ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಬಿಗಿ ಹಿಡಿದಷ್ಟೂ ನಡುಕ ಕೈಗೇ ಇಳಿಯುತ್ತಂತೆ. ಡಾಕ್ಟ್ರು ಹೇಳೋ ಹೊತ್ತಿಗೆ ಅವನ ಬೆರಳು ಸುಣ್ಣದ ಥರ ಬೆಳ್ಳಗಾಗ್ತಿತ್ತು. ಏನನ್ನೇ ಹಿಡಿದ್ರೂ ಎಷ್ಟು ಅದುಮ್ತಿದೀನಿ ಅನ್ನೋದೇ ಗೊತ್ತಾಗ್ತಿರಲಿಲ್ಲ. ಪೇಪರ್ ಲೋಟ ಹಿಚುಕಿ ಎಷ್ಟು ಸಲ ಮೈಮೇಲೆ ಟೀ ಚೆಲ್ಕೊಂಡಿದಾನೋ."

"ನಮಗ್ಯಾಕೆ ಹೇಳಲಿಲ್ಲ?"

"ಮನೇಲಿ ಹೇಳಿದ್ರೆ ಆಫೀಸಿಗೂ ಮುಟ್ಟುತ್ತೆ ಅಂತ ಭಯ. ಆಫೀಸಿಗೆ ಗೊತ್ತಾದ್ರೆ ಮಿಷನ್ನು ಕಿತ್ಕೊಂಡು ಗೇಟ್ ಕಾಯೋಕೆ ಹಾಕ್ತಾರೆ. ಅವನಿಗೆ ಬೇಲಿ ಅಂದ್ರೆ ಪ್ರಾಣ."

*

ಊಟದ ಬಿಡುವಿನಲ್ಲಿ ಅಪ್ಪ ತೆಳು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ಗೊಬ್ಬರ ತೂಗುವ ತಕ್ಕಡಿಯಲ್ಲಿ ಇಡುತ್ತಿದ್ದ. ತೂಕ ಕೂಸಿನಷ್ಟೇ ಆದರೆ ಎತ್ತಿ ಹೆಗಲಿಗೆ ಹಾಕಿಕೊಂಡು ಶೆಡ್ಡಿನೊಳಗೆ ಹತ್ತು ಹೆಜ್ಜೆ ನಡೆಯುತ್ತಿದ್ದ. ಮೊದಲ ದಿನವೇ ಬೆರಳುಗಳು ಚೀಲ ತೂರಿ ಒಳಗೆ ಹೋದವು. ಮೀಸೆ ನಕ್ಕುಬಿಟ್ಟ. ಅವನು ನಗಲಿಲ್ಲ.

"ಇದು ಕೂಸಾಗಿದ್ದಿದ್ರೆ?" ಎಂದು ಕೇಳಿ, ತೂತಿಗೆ ಟೇಪ್ ಹಚ್ಚಲು ಕೂತ.

*

ಶೆಡ್ಡಿನಲ್ಲಿ, ನೇತುಹಾಕಿದ್ದ ಹೆಲ್ಮೆಟ್ಟುಗಳ ಕೆಳಗಿನ ಹಲಗೆಯ ಮೇಲೆ ಮೂರು ಚೀಲಗಳಿದ್ದವು. ಮೊದಲನೆಯದರಲ್ಲಿ ಪ್ಲಾಸ್ಟಿಕ್ಕಿಗಿಂತ ಟೇಪೇ ಹೆಚ್ಚು. ಎರಡನೆಯದಕ್ಕೆ ಒಂದು ಪಕ್ಕ ಮಾತ್ರ ನಾಲ್ಕು ತೂತು. ಮೂರನೆಯದರ ಮೇಲೆ ಪೆನ್ನಿನಲ್ಲಿ ಎಂಟು ಕಿಲೋ ಎಂದು ಬರೆದಿತ್ತು. ಅವಳು ಅದನ್ನು ಸುತ್ತ ತಿರುಗಿಸಿ ನೋಡಿದಳು. ಎಲ್ಲೂ ತೂತಿರಲಿಲ್ಲ.

"ಈ ವಾರದ್ದು ಅದು," ಎಂದ ಮೀಸೆ. "ನಾಲ್ಕು ದಿನ ಎತ್ತಿದ್ರೂ ಹರೀಲಿಲ್ಲ. ಭಾನುವಾರ ನಿಮ್ಮನೆಗೆ ಬರ್ತೀನಿ ಅಂದಿದ್ದ."

ಅವಳಿಗೆ ಅಳು ಉಕ್ಕಿ ಬಂತು. ಇಷ್ಟು ಹೊತ್ತು ಒಂದು ಹನಿಯೂ ಬಂದಿರಲಿಲ್ಲ. ಚೀಲವನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡಳು. ಹೊರಗೆ ಯಾರೋ ದಾರ ಎಳೆದು ಮಿಷನ್ನು ಶುರು ಮಾಡಿದರು. ಅವಳ ಅಂಗೈ ತಾನಾಗಿ ಮೇಲೆದ್ದು ಚೀಲದ ತುದಿಯ ಒಂದು ಪಕ್ಕವನ್ನು ಕಿವಿಯೆಂಬಂತೆ ಮುಚ್ಚಿತು.